ಸಣ್ಣ ಗೇಮ್ ಹುಡುಕಲು ಇಚ್ ವಾಸಿಯೋ, ಸ್ಟೀಮ್ ವಾಸಿಯೋ?

ಎರಡೂ ಕಂಪ್ಯೂಟರ್ ಗೇಮ್ ಸಿಗುವ ತಾಣಗಳು, ನನ್ನ ಓಟು ಇಚ್ ಡಾಟ್ ಐಒಗೆ. ಪುಣೆಯ ಹಿಂಜವಡಿಯ ಪಿಜಿ, ದಿನಕ್ಕೆ 2 ಜಿಬಿ ಹಾಟ್‌ಸ್ಪಾಟ್, ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್, ಊಟವಾದ ಮೇಲೆ ಸಿಗುವ ಅರ್ಧ ಗಂಟೆ. ಈ ಲೆಕ್ಕದಲ್ಲಿ 100 ಜಿಬಿಯ ಹೆಸರಾಂತ ಗೇಮ್ ಇಳಿಯಲು ಐವತ್ತು ದಿನ ಬೇಕು. ಇಚ್‌ನಲ್ಲಿ 50ರಿಂದ 200 ಎಂಬಿಯ ಗೇಮ್‌ಗಳಿಗೆ ಲೆಕ್ಕವಿಲ್ಲ. ಎಷ್ಟೋ ಗೇಮ್‌ಗಳನ್ನು ಬ್ರೌಸರ್‌ನಲ್ಲೇ ಆಡಬಹುದು.

ಹುಡುಕುವಾಗ ಇಚ್‌ನ 'ಪಾಪ್ಯುಲರ್' ಪಟ್ಟಿಯಲ್ಲೇ ನಿಲ್ಲಬೇಡಿ, ಅಲ್ಲಿ ಕಾಣುವುದು ಎಲ್ಲರೂ ಆಡಿದ್ದೇ. 'ಮೋಸ್ಟ್ ರೀಸೆಂಟ್' ಒತ್ತಿ, ಗೇಮಿನ ಬಗೆ ಹೇಳುವ ಒಂದು ಟ್ಯಾಗ್ ಹಾಕಿ, 'ಆವರೇಜ್ ಸೆಷನ್' ಅರ್ಧ ಗಂಟೆಗೆ ಇಡಿ. ಸಮಯ ನೋಡಿ ಗೇಮ್ ಆರಿಸುವ ಈ ಸೌಲಭ್ಯಕ್ಕೇ ನಾನು ಸೋತಿದ್ದು. ಸ್ಟೀಮ್‌ನಲ್ಲಿ ಹೊಸಬರ ಗೇಮ್ ನೋಡಲು ಒಳ್ಳೆಯ ಹೊತ್ತು 'ನೆಕ್ಸ್ಟ್ ಫೆಸ್ಟ್' ಎಂಬ ಡೆಮೊ ಹಬ್ಬ, ಆಗ ನೂರಾರು ಡೆಮೊ ಪುಕ್ಕಟೆ.

ಇಚ್‌ನ ನಿಜವಾದ ಕಿರಿಕಿರಿ ಜಿಪ್ ಫೈಲ್. ಜಿಪ್ ತೆರೆದು ಒಳಗಿನ ಇಎಕ್ಸ್‌ಇ (ಗೇಮ್ ಶುರುಮಾಡುವ ಫೈಲ್) ಮೇಲೆ ನೇರ ಡಬಲ್ ಕ್ಲಿಕ್ ಮಾಡಿದರೆ ವಿಂಡೋಸ್ ಆ ಒಂದು ಫೈಲನ್ನಷ್ಟೇ ಟೆಂಪ್ ಫೋಲ್ಡರಿಗೆ ತೆಗೆಯುತ್ತದೆ. ಪಕ್ಕದಲ್ಲಿ ಇರಬೇಕಾದ ಉಳಿದ ಫೈಲ್‌ಗಳು ಸಿಗದೆ, ಯೂನಿಟಿ ಎಂಬ ಗೇಮ್ ಎಂಜಿನ್‌ನಲ್ಲಿ ಮಾಡಿದ ಗೇಮ್ 'ಯೂನಿಟಿಪ್ಲೇಯರ್ ಡಿಎಲ್‌ಎಲ್ ಇಲ್ಲ' ಎಂದು ನಿಂತುಬಿಡುತ್ತದೆ. ಗೇಮ್ ಕೆಟ್ಟಿಲ್ಲ, ಮೊದಲು 'ಎಕ್ಸ್‌ಟ್ರಾಕ್ಟ್ ಆಲ್' ಮಾಡಿ. ಆಮೇಲೆ ಗೇಮ್ ತೆರೆದಾಗ ವಿಂಡೋಸ್‌ನ ನೀಲಿ ಎಚ್ಚರಿಕೆ ಬರಬಹುದು. ಸಣ್ಣ ತಂಡಗಳು ದುಡ್ಡು ಕೊಟ್ಟು ಸಹಿ ಪ್ರಮಾಣಪತ್ರ ಮಾಡಿಸುವುದಿಲ್ಲ, ಅದಕ್ಕೇ ಅದು. ಪುಟದಲ್ಲಿ ಆಡಿದವರ ಮಾತುಗಳು, ತಂಡದ ಹಳೆಯ ಗೇಮ್‌ಗಳು ಇವೆಯೇ ನೋಡಿಕೊಂಡೇ 'ಮೋರ್ ಇನ್ಫೋ', 'ರನ್ ಎನಿವೇ' ಒತ್ತಿ.

ಇದಕ್ಕಿಂತ ಹೊಟ್ಟೆ ಉರಿಸುವುದು ಸೇವ್, ಅಂದರೆ ಆಟ ಎಲ್ಲಿಗೆ ಬಂತೆಂದು ಉಳಿಸಿಡುವ ಫೈಲ್. ಹೊಸ ಆವೃತ್ತಿ ಬಂತೆಂದು ಹಳೆಯ ಫೋಲ್ಡರ್ ಅಳಿಸುತ್ತೇವೆ. ಯೂನಿಟಿಯ ಗೇಮ್‌ಗಳ ಸೇವ್ ಸಾಮಾನ್ಯವಾಗಿ ವಿಂಡೋಸ್‌ನ ಆಪ್‌ಡೇಟಾ ಫೋಲ್ಡರಿನ 'ಲೋಕಲ್‌ಲೋ' ಒಳಗೆ ಇರುವುದರಿಂದ ಅದು ಉಳಿಯುತ್ತದೆ. ಆರ್‌ಪಿಜಿ ಮೇಕರ್ ಎಂವಿ ಎಂಬ ಗೇಮ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಮಾಡಿದವು ಸೇವ್ ಇಡುವುದು ಗೇಮ್ ಫೋಲ್ಡರಿನೊಳಗೇ, 'ಡಬ್ಲ್ಯುಡಬ್ಲ್ಯುಡಬ್ಲ್ಯು' ಫೋಲ್ಡರಿನ 'ಸೇವ್'ನಲ್ಲಿ. ಫೋಲ್ಡರ್ ಹೋದರೆ ಹತ್ತು ಗಂಟೆಯ ಆಟವೂ ಹೋಯಿತು. ಮೊದಲು 'ಸೇವ್' ಕಾಪಿ ಮಾಡಿ, ಹೊಸದರ ಅದೇ ಜಾಗಕ್ಕೆ ಹಾಕಿ. ಬ್ರೌಸರ್ ಗೇಮ್‌ಗಳ ಸೇವ್ ಸೈಟ್ ಡೇಟಾ ಅಳಿಸಿದಾಗ ಹೋಗುತ್ತದೆ. ಇಚ್‌ನ ಸ್ವಂತ ಆಪ್ ಹಾಕಿಕೊಂಡರೆ ಜಿಪ್ ಬಿಚ್ಚುವ ಕೆಲಸ ಅದರದ್ದು, ಅಪ್‌ಡೇಟ್‌ನಲ್ಲಿ ಬದಲಾದ ಭಾಗವಷ್ಟೇ ಇಳಿಯುವುದರಿಂದ ಡೇಟಾವೂ ಉಳಿತಾಯ. ಸ್ಟೀಮ್‌ನಲ್ಲಿ ಈ ರಗಳೆಯೇ ಇಲ್ಲ, ಒಪ್ಪಬೇಕು.

ದುಡ್ಡು ಕಟ್ಟುವುದೂ ಸ್ಟೀಮ್‌ನಲ್ಲೇ ಸಲೀಸು: ರೂಪಾಯಿ ಬೆಲೆ, ಯುಪಿಐ. ಇಚ್‌ನಲ್ಲಿ ಡಾಲರ್. ಬ್ಯಾಂಕ್ ಆಪ್‌ನಲ್ಲಿ ಕಾರ್ಡಿನ 'ಇಂಟರ್‌ನ್ಯಾಷನಲ್ ಆನ್‌ಲೈನ್' ಆನ್ ಮಾಡಬೇಕು. ರಿಸರ್ವ್ ಬ್ಯಾಂಕಿನ 2020ರ ನಿಯಮದಿಂದ ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಕಟ್ಟಿದ ಕೂಡಲೇ ಮತ್ತೆ ಆಫ್ ಮಾಡಿ. ಮೇಲೆ ಬ್ಯಾಂಕಿನ ವಿನಿಮಯ ಶುಲ್ಕ, ಅದಕ್ಕೆ ಜಿಎಸ್‌ಟಿ. ಆದರೂ ಮಾರಾಟದ ದುಡ್ಡಿನಲ್ಲಿ ಸ್ಟೀಮ್ ಸಾಮಾನ್ಯವಾಗಿ ನೂರಕ್ಕೆ ಮೂವತ್ತು ಹಿಡಿದುಕೊಂಡರೆ, ಇಚ್‌ನ ಪಾಲು ಎಷ್ಟೆಂದು ಗೇಮ್ ಮಾಡಿದವರೇ ಗೊತ್ತುಮಾಡುತ್ತಾರೆ, ರೂಢಿ ನೂರಕ್ಕೆ ಹತ್ತು. ಒಬ್ಬರೇ ಕೂತು ಮಾಡಿದ ಗೇಮಿಗೆ ಈ ವ್ಯತ್ಯಾಸ ದೊಡ್ಡದು.

ದುಡ್ಡು ವಾಪಸ್ಸಿಗೆ ಸ್ಟೀಮ್ ಗಟ್ಟಿ: ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಸಿಗುತ್ತದೆ. ಹಾಗಾಗಿ ಪುಣೆಯದೇ ತಂಡ ನಾಡಿಂಗ್ ಹೆಡ್ಸ್ 2020ರಲ್ಲಿ ತಂದ 'ರಾಜಿ'ಯಂಥ ಕೊಂಚ ದೊಡ್ಡವನ್ನು ನಾನು ಸ್ಟೀಮ್‌ನಲ್ಲೇ, ರಿಯಾಯಿತಿ ಸಮಯದಲ್ಲಿ ಕೊಳ್ಳುವುದು. ತಿಂಗಳ 300 ರೂಪಾಯಿಯಲ್ಲಿ ಉಳಿದದ್ದೆಲ್ಲ ಇಚ್‌ಗೆ.