ಅದೇ ವಿಮಾನ, ಪಾರ್ಟ್ನರ್ ಸೈಟ್‌ನಲ್ಲಿ ಟಿಕೆಟ್: ಇಬ್ಬರಿಗೆ ಉಳಿದದ್ದು 25 ಸಾವಿರ

ತಂಗಿ ಚಿಕಾಗೋದಲ್ಲಿದ್ದಾಳೆ. ಬಾಣಂತನಕ್ಕೆ ಅಪ್ಪ ಅಮ್ಮ ಇಬ್ಬರೂ ಹೋಗಬೇಕಿತ್ತು. ಅಪ್ಪನಿಗೆ 70, ಅಮ್ಮನಿಗೆ 66, ಅಮ್ಮನಿಗೆ ಮಂಡಿ ನೋವು ಬೇರೆ. ಇಬ್ಬರಿಗೂ ಇದೇ ಮೊದಲ ವಿದೇಶ ಪ್ರಯಾಣ. ದಾವಣಗೆರೆಯ ಒಬ್ಬ ಟ್ರಾವೆಲ್ ಏಜೆಂಟರ ಹತ್ತಿರ ಕೇಳಿದೆ. ಹೋಗಿ ಬರುವುದಕ್ಕೆ ತಲೆಗೆ 1,45,000 ಅಂದರು. ಮನೆಗೆ ಬಂದು ಏರ್‌ಲೈನ್‌ನವರ ಸೈಟಿನಲ್ಲೇ ನೋಡಿದರೆ 1,42,600. ಯುರೋಪಿನ ಏರ್‌ಲೈನ್, ಬೆಂಗಳೂರಿನಿಂದ ಹೊರಟು ನಡುವೆ ಒಂದು ಕಡೆ ವಿಮಾನ ಬದಲಿಸಿ ಚಿಕಾಗೋ. ಸಮಯ ಚೆನ್ನಾಗಿತ್ತು, ನಡುವೆ ಎರಡೂವರೆ ಗಂಟೆ ಬಿಡುವು. ಇದೇ ಬೇಕು ಅಂತ ತೀರ್ಮಾನಿಸಿದ್ದೆವು.

ಆವತ್ತು ರಾತ್ರಿ ಗೂಗಲ್ ಫ್ಲೈಟ್ಸ್‌ನಲ್ಲಿ ಮತ್ತೊಮ್ಮೆ ನೋಡುತ್ತಾ ಕೂತಿದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅದೇ ಹೊರಡುವ ಸಮಯ, ಅದೇ ತಲುಪುವ ಸಮಯ, ಆದರೆ ಅಮೆರಿಕದ ಇನ್ನೊಂದು ಏರ್‌ಲೈನ್ ಹೆಸರು, ಬೇರೆ ಫ್ಲೈಟ್ ನಂಬರ್. ಕೆಳಗೆ ಸಣ್ಣ ಅಕ್ಷರದಲ್ಲಿ 'ಆಪರೇಟೆಡ್ ಬೈ' ಅಂತ ನಾವು ನೋಡಿದ್ದ ಯುರೋಪಿನ ಏರ್‌ಲೈನ್ ಹೆಸರು. ಬೆಲೆ 1,449 ಡಾಲರ್. ಫೋನ್ ತೆಗೆದು ಲೆಕ್ಕ ಹಾಕಿದೆ, 1,24,600 ರೂಪಾಯಿ ಚಿಲ್ಲರೆ. ಒಂದು ಟಿಕೆಟ್‌ಗೆ ಹತ್ತಿರ ಹತ್ತಿರ 18 ಸಾವಿರ ವ್ಯತ್ಯಾಸ! ಮೊದಲು ನಂಬಲೇ ಇಲ್ಲ. ಬೇರೆ ವಿಮಾನ ಇರಬೇಕು ಅಂದುಕೊಂಡು ಎರಡೂ ಸೈಟು ಅಕ್ಕಪಕ್ಕ ತೆರೆದು ಒಂದೊಂದೇ ಸಾಲು ಹೋಲಿಸಿದೆ. ಅದೇ ವಿಮಾನ.

ಇದಕ್ಕೆ ಕೋಡ್‌ಶೇರ್ ಅಂತಾರೆ. ನಮ್ಮ ಪಿ.ಬಿ. ರಸ್ತೆಯಲ್ಲಿ ರಾತ್ರಿ ಬೆಂಗಳೂರಿಗೆ ಹೊರಡುವ ಸ್ಲೀಪರ್ ಬಸ್ ಇರುತ್ತಲ್ಲ, ಒಂದೇ ಬಸ್ಸಿಗೆ ಎರಡು ಕೌಂಟರಿನವರು ಟಿಕೆಟ್ ಮಾರಿದ ಹಾಗೆ. ಬಸ್ಸು ಒಬ್ಬರದು, ಚೀಟಿ ಇನ್ನೊಬ್ಬರದು. ಹೀಗೆ ಚೀಟಿ ಮಾರುವ ಇನ್ನೊಂದು ಏರ್‌ಲೈನನ್ನೇ ನಾನು ಪಾರ್ಟ್ನರ್ ಅಂತಿರುವುದು. ಏರ್‌ಲೈನ್‌ಗಳಲ್ಲಿ ಇದಕ್ಕೆ ದೊಡ್ಡ ದೊಡ್ಡ ಕೂಟಗಳೇ ಇವೆ. ಸ್ಟಾರ್ ಅಲೈಯನ್ಸ್ 1997ರಲ್ಲಿ ಶುರುವಾಯಿತು, ಲುಫ್ತಾನ್ಸಾ, ಯುನೈಟೆಡ್ ಎಲ್ಲ ಅದರಲ್ಲಿವೆ, ನಮ್ಮ ಏರ್ ಇಂಡಿಯಾ 2014ರಲ್ಲಿ ಸೇರಿತು. ಬ್ರಿಟಿಷ್ ಏರ್‌ವೇಸ್, ಅಮೆರಿಕನ್, ಕತಾರ್ ಏರ್‌ವೇಸ್ ಒನ್‌ವರ್ಲ್ಡ್ ಕೂಟದಲ್ಲಿವೆ. ಏರ್ ಫ್ರಾನ್ಸ್, ಕೆಎಲ್‌ಎಂ, ಡೆಲ್ಟಾ ಸ್ಕೈಟೀಮ್‌ನಲ್ಲಿ. ಒಂದೇ ಕೂಟದಲ್ಲಿ ಇರಲೇಬೇಕು ಅಂತೇನೂ ಇಲ್ಲ, ಯಾವ ಕೂಟಕ್ಕೂ ಸೇರದ ಇಂಡಿಗೋ ಕೂಡ 2019ರಲ್ಲೇ ಕತಾರ್ ಏರ್‌ವೇಸ್ ಜೊತೆ ಕೋಡ್‌ಶೇರ್ ಮಾಡಿಕೊಂಡಿತು.

ಬೆಲೆ ಯಾಕೆ ಬೇರೆ? ಚೀಟಿ ಮಾರುವವರು ದರ ತಾವೇ ಇಡುತ್ತಾರೆ. ಎಕಾನಮಿ ಅಂತ ನಮಗೆ ಒಂದೇ ಕಂಡರೂ ಒಳಗೆ ಅದನ್ನು ಹತ್ತಾರು ದರ್ಜೆಗಳಾಗಿ ಒಡೆದಿರುತ್ತಾರೆ, ಪ್ರತಿ ದರ್ಜೆಗೂ ಒಂದು ಅಕ್ಷರ, ಒಂದು ದರ. ಕಡಿಮೆ ದರದ ದರ್ಜೆ ಒಬ್ಬರ ಹತ್ತಿರ ಮುಗಿದಿರುತ್ತದೆ, ಇನ್ನೊಬ್ಬರ ಹತ್ತಿರ ಇನ್ನೂ ತೆರೆದಿರುತ್ತದೆ. ಹಾಗಾಗಿ ಪಾರ್ಟ್ನರ್ ಸೈಟಿನಲ್ಲಿ ಯಾವಾಗಲೂ ಕಡಿಮೆ ಅಂತ ಅಲ್ಲ. ನಾನು ಮೂರು ದಿನ ಬೇರೆ ಬೇರೆ ತಾರೀಖು ಹಾಕಿ ನೋಡಿದೆ. ಕೆಲವು ದಿನ ಎರಡೂ ಒಂದೇ, ಒಂದು ದಿನವಂತೂ ಪಾರ್ಟ್ನರ್‌ದೇ ಒಂಬತ್ತು ಸಾವಿರ ಜಾಸ್ತಿ ಇತ್ತು.

ಈಗ ದುಡ್ಡಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಮೊದಲ ಸಲ ಪೇಮೆಂಟ್ ಹೋಗಲೇ ಇಲ್ಲ. ಕಾರ್ಡಿನಲ್ಲಿ ಇಂಟರ್‌ನ್ಯಾಷನಲ್ ವಹಿವಾಟು ಆಫ್ ಆಗಿತ್ತು. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 2020ರಿಂದ ಹೊಸ ಕಾರ್ಡುಗಳಲ್ಲಿ ಅದನ್ನು ನಾವೇ ಆನ್ ಮಾಡಿಕೊಳ್ಳಬೇಕು. ಬ್ಯಾಂಕಿನ ಆಪ್‌ನಲ್ಲಿ ಎರಡು ನಿಮಿಷದ ಕೆಲಸ, ಮಿತಿ ಎಷ್ಟು ಅಂತಲೂ ಅಲ್ಲೇ ಹಾಕಬೇಕು. ಎರಡನೇ ಸಲ ಹೋಯಿತು, ಒಟಿಪಿ ಕೂಡ ಕೇಳಲಿಲ್ಲ. ವಿದೇಶಿ ಸೈಟುಗಳಲ್ಲಿ ಎಷ್ಟೋ ಸಲ ಹಾಗೇ ಆಗುತ್ತದೆ. ಕೆಲಸ ಮುಗಿದ ಮೇಲೆ ಮತ್ತೆ ಆಫ್ ಮಾಡಿ ಇಟ್ಟೆ, ನೀವೂ ಹಾಗೇ ಮಾಡಿ.

ಆಮೇಲೆ ಬಿಲ್ ಬಂತು. ಬ್ಯಾಂಕ್ ಡಾಲರಿಗೆ 86 ರೂಪಾಯಿಯಂತೆ ಹಿಡಿದು, ಅದರ ಮೇಲೆ ಶೇ. 3.5 ಮಾರ್ಕಪ್ (ವಿದೇಶಿ ಹಣದ ವಹಿವಾಟಿಗೆ ಬ್ಯಾಂಕ್ ಹಾಕುವ ಹೆಚ್ಚುವರಿ ಶುಲ್ಕ), ಆ ಮಾರ್ಕಪ್ ಮೇಲೆ ಶೇ. 18 ಜಿಎಸ್‌ಟಿ ಹಾಕಿತ್ತು. ಒಂದು ಟಿಕೆಟ್‌ಗೆ ಸುಮಾರು 5,150 ರೂಪಾಯಿ ಇದಕ್ಕೇ ಹೋಯಿತು. ಇಬ್ಬರಿಗೂ ಸೇರಿ 36 ಸಾವಿರ ಉಳಿಯಿತು ಅಂದುಕೊಂಡಿದ್ದು ಕೊನೆಗೆ 25 ಸಾವಿರ ಚಿಲ್ಲರೆಗೆ ಬಂದು ನಿಂತಿತು. ಕೆಲವು ಸೈಟುಗಳಲ್ಲಿ ಮೇಲೆ ದೇಶ ಬದಲಿಸಿ ಭಾರತ ಅಂತ ಮಾಡಿದರೆ ರೂಪಾಯಿಯಲ್ಲೇ ದರ ತೋರಿಸುತ್ತಾರೆ. ಮಾರ್ಕಪ್ ಇಲ್ಲದ ಕಾರ್ಡುಗಳೂ ಇವೆ. ಇವೆರಡೂ ನನಗೆ ಮೊದಲೇ ಹೊಳೆದಿದ್ದರೆ ಇನ್ನೂ ಹತ್ತು ಸಾವಿರ ಉಳಿಯುತ್ತಿತ್ತು, ಅದಕ್ಕೇ ಇಲ್ಲಿ ಒತ್ತಿ ಬರೆಯುತ್ತಿದ್ದೇನೆ.

ಬುಕಿಂಗ್ ಮಾಡುವಾಗ ಇನ್ನೊಂದು ತೊಡಕು ಬಂತು. ನಮ್ಮ ಕಡೆ ಹಿರಿಯರಿಗೆ ಸರ್‌ನೇಮ್ ಎಲ್ಲಿರುತ್ತೆ? ಊರಿನ ಇನಿಷಿಯಲ್, ತಂದೆಯ ಇನಿಷಿಯಲ್, ಆಮೇಲೆ ಹೆಸರು, ಅಷ್ಟೇ. ಅಪ್ಪನ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು, ಇನ್ನೊಂದು ಕಾಲಂ ಖಾಲಿ. ಸೈಟು ಎರಡನ್ನೂ ತುಂಬದೆ ಮುಂದಕ್ಕೇ ಹೋಗುತ್ತಿರಲಿಲ್ಲ. ಒಂದೇ ಹೆಸರನ್ನು ಎರಡು ಸಲ ಹಾಕಿ ಬುಕ್ ಮಾಡಿಬಿಟ್ಟೆ. ರಾತ್ರಿ ಮಲಗಿದ ಮೇಲೆ ನೆನಪಾಯಿತು, ಅಮೆರಿಕದ ವೀಸಾದಲ್ಲಿ ಆ ಜಾಗದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಅಂತ ಇದೆ. ಎದ್ದು ಕೂತೆ. ಅಮೆರಿಕಕ್ಕೆ ಹೋಗುವ ಟಿಕೆಟ್ ಏರ್‌ಲೈನ್‌ನಿಂದಲೇ ನೇರವಾಗಿ ತಗೊಂಡಿದ್ದರೆ, ಪ್ರಯಾಣಕ್ಕೆ ಏಳು ದಿನವಾದರೂ ಇದ್ದರೆ, 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡಬಹುದು ಅಥವಾ ದುಡ್ಡು ಕೊಡುವ ಮೊದಲೇ ಅಷ್ಟು ಹೊತ್ತು ಟಿಕೆಟ್ ಕಾಯ್ದಿರಿಸಬಹುದು. ಎರಡರಲ್ಲಿ ಒಂದನ್ನು ಏರ್‌ಲೈನ್ ಕೊಡಲೇಬೇಕು, ಅದು ಅಲ್ಲಿನ ಸರ್ಕಾರದ ನಿಯಮ. ನಮ್ಮದರಲ್ಲಿ ರದ್ದು ಮಾಡುವ ಅವಕಾಶ ಇತ್ತು. ಬೆಳಿಗ್ಗೆ ಪಾರ್ಟ್ನರ್‌ನವರ ಸಹಾಯವಾಣಿಗೆ ಫೋನ್ ಮಾಡಿದೆ. ವೀಸಾದಲ್ಲಿ ಹೇಗಿದೆಯೋ ಹಾಗೇ ಹಾಕಿ ಅಂದರು. ಹಳೆಯದನ್ನು ರದ್ದು ಮಾಡಿ ಅದೇ ದರಕ್ಕೆ ಹೊಸದಾಗಿ ಬುಕ್ ಮಾಡಿದೆ. ಮೊದಲಿನ ದುಡ್ಡು ಇನ್ನೂ ಕಟ್ ಆಗಿರಲಿಲ್ಲ, ಹೋಲ್ಡ್‌ನಲ್ಲಿದ್ದದ್ದು ಬಿಟ್ಟುಹೋಯಿತು.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಪಾರ್ಟ್ನರ್ ಸೈಟು ಒಂದು ಪಿಎನ್‌ಆರ್ ಕೊಡುತ್ತದೆ, ಆರು ಅಕ್ಷರದ್ದು. ಆ ಪಿಎನ್‌ಆರ್ ವಿಮಾನ ಹಾರಿಸುವವರ ಸೈಟಿನಲ್ಲಿ ಕೆಲಸ ಮಾಡದೇ ಇರಬಹುದು. ಅವರದ್ದೇ ಬೇರೆ ಪಿಎನ್‌ಆರ್ ಇರುತ್ತದೆ. ಅದನ್ನು ಕೇಳಿ ಪಡೆದುಕೊಳ್ಳಿ. ನಮಗೆ ಅದು ಇಮೇಲ್‌ನಲ್ಲಿ ಬರಲಿಲ್ಲ, ಫೋನ್ ಮಾಡಿ ಒಂದೊಂದೇ ಅಕ್ಷರ ಬರೆದುಕೊಂಡೆ. ಸೀಟು, ಊಟ, ವೀಲ್‌ಚೇರ್, ವೆಬ್ ಚೆಕ್-ಇನ್ ಎಲ್ಲವೂ ಅದರ ಮೇಲೇ ನಿಂತಿರುತ್ತದೆ. ಪಾರ್ಟ್ನರ್ ಸೈಟಿನಲ್ಲಿ ನಾನು ಹಾಕಿದ್ದ ಊಟದ ಬೇಡಿಕೆ ವಿಮಾನ ಹಾರಿಸುವವರ ಸೈಟಿನಲ್ಲಿ ನೋಡಿದರೆ ಖಾಲಿ! ವೀಲ್‌ಚೇರ್ ಮಾತ್ರ ದಾಟಿತ್ತು.

ಊಟ ಅಂದೆನಲ್ಲ, ಒಂದು ಮಾತು. ಮತ್ತೆ ಹಾಕಲು ಕೂತಾಗ ಅಮ್ಮ ಪಕ್ಕದಲ್ಲೇ ಇದ್ದರು. ಪಟ್ಟಿಯಲ್ಲಿ 'ಹಿಂದೂ ಮೀಲ್' ಅಂತ ಕಂಡಿತು. ಅಮ್ಮ ಅದರ ಮೇಲೇ ಬೆರಳಿಟ್ಟು "ಇದೇ ನಮ್ಮದು, ಹಾಕು" ಅಂದರು. ನಾನೂ ಒತ್ತುವವನಿದ್ದೆ. ಯಾಕೋ ಕೆಳಗಿನ ವಿವರ ಓದಿದೆ. ಹಿಂದೂ ಮೀಲ್ ಅಂದರೆ ದನದ ಮಾಂಸ ಇಲ್ಲ ಅಂತ, ಅದರಲ್ಲಿ ಕೋಳಿ, ಕುರಿ, ಮೀನು ಇರಬಹುದು. ಮೊಟ್ಟೆಯನ್ನೂ ಮುಟ್ಟದ ಮನೆ ನಮ್ಮದು. ನಮ್ಮಂಥವರು ಆರಿಸಬೇಕಾದದ್ದು 'ಏಷ್ಯನ್ ವೆಜಿಟೇರಿಯನ್', ಅದರ ಕೋಡ್ ಎವಿಎಂಎಲ್. ಬರೀ 'ವೆಜಿಟೇರಿಯನ್ ಲ್ಯಾಕ್ಟೋ-ಓವೋ' ಅಂತ ಇದ್ದರೆ ಅದರಲ್ಲಿ ಮೊಟ್ಟೆ ಬರುತ್ತದೆ. ಹಿರಿಯರನ್ನು ಕಳಿಸುವವರು ದಯವಿಟ್ಟು ಇದನ್ನು ನೋಡಿ.

ಇಷ್ಟೆಲ್ಲಾ ಮಾಡಿದರೂ ಎರಡನೇ ವಿಮಾನದಲ್ಲಿ ಆ ಊಟ ಬರಲಿಲ್ಲ. ಗಗನಸಖಿ ಪಟ್ಟಿ ನೋಡಿ ಹೆಸರಿಲ್ಲ ಅಂದಳಂತೆ. ಎಂಟು ಗಂಟೆಯ ಮೇಲಿನ ಪ್ರಯಾಣ, ಅಪ್ಪನಿಗೆ ಸಕ್ಕರೆ ಕಾಯಿಲೆ. ಅಮ್ಮ ಕೈಚೀಲದಲ್ಲಿ ಚಪಾತಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡಿದ್ದರಿಂದ ಸರಿಹೋಯಿತು. ಇದು ನನಗೆ ನಿಜವಾಗಿಯೂ ಬೇಜಾರು ತಂದ ವಿಷಯ. ಎರಡು ಕಂಪನಿಗಳು ಸೇರಿ ಒಂದು ಸೀಟು ಮಾರಲು ಆಗುತ್ತದೆ, ಒಂದು ಊಟದ ಮಾತು ತಲುಪಿಸಲು ಆಗುವುದಿಲ್ಲ ಅಂದರೆ ಹೇಗೆ?

ಬ್ಯಾಗಿನ ವಿಷಯದಲ್ಲಿ ತೊಂದರೆ ಆಗಲಿಲ್ಲ. ಅಮೆರಿಕಕ್ಕೆ ಹೋಗುವ ಟಿಕೆಟ್‌ನಲ್ಲಿ ಮೊದಲ ವಿಮಾನದ ನಂಬರ್ ಯಾರ ಹೆಸರಿನಲ್ಲಿದೆಯೋ ಅವರ ಬ್ಯಾಗೇಜ್ ನಿಯಮವೇ ಪೂರ್ತಿ ಪ್ರಯಾಣಕ್ಕೆ ನಡೆಯುತ್ತದೆ. ಆದರೆ ದರ ಹೋಲಿಸುವಾಗ ಎರಡೂ ಕಡೆ ಎಷ್ಟು ಬ್ಯಾಗು ಅಂತ ನೋಡಿಯೇ ಹೋಲಿಸಿ. ಎಲ್ಲಕ್ಕಿಂತ ಕಡಿಮೆ ದರದಲ್ಲಿ ಒಂದೇ ಬ್ಯಾಗು ಇತ್ತು, ನಾನು ಹೇಳಿದ ದರ ಎರಡು ಬ್ಯಾಗಿನದು, ತಲಾ 23 ಕೆಜಿ. ಅಂಟಿನುಂಡೆ, ಖಾರದಪುಡಿ, ಖಡಕ್ ರೊಟ್ಟಿ, ಮಗುವಿಗೆ ಹಳೇ ಮೆತ್ತನೆ ಸೀರೆಗಳು, ಎಲ್ಲ ಸೇರಿ ನಾಲ್ಕೂ ಬ್ಯಾಗು ತುಂಬಿತು. ಒಂದು ಬ್ಯಾಗಂತೂ ಮನೆಯ ತಕ್ಕಡಿಯಲ್ಲಿ 22.8 ತೋರಿಸಿತು.

ಹೊರಡಲು ಎರಡು ತಿಂಗಳು ಇದ್ದಾಗ ಮೊದಲ ವಿಮಾನದ ಸಮಯ ಬದಲಾಯಿತು, ನಡುವಿನ ಬಿಡುವು 55 ನಿಮಿಷಕ್ಕೆ ಇಳಿಯಿತು. ವೀಲ್‌ಚೇರ್‌ನಲ್ಲಿ ಹೋಗುವವರಿಗೆ 55 ನಿಮಿಷ ಎಲ್ಲಿ ಸಾಕು? ವಿಮಾನ ಹಾರಿಸುವವರಿಗೆ ಫೋನ್ ಮಾಡಿದರೆ ಟಿಕೆಟ್ ಕೊಟ್ಟವರನ್ನೇ ಕೇಳಿ ಅಂದರು. ಅವರ ಮಾತು ಸರಿಯೇ. ಟಿಕೆಟ್ ನಂಬರ್ 13 ಅಂಕಿಯದು, ಅದರ ಮೊದಲ ಮೂರು ಅಂಕಿ ನೋಡಿದರೆ ಟಿಕೆಟ್ ಯಾರದು ಅಂತ ಗೊತ್ತಾಗುತ್ತದೆ. 098 ಅಂದರೆ ಏರ್ ಇಂಡಿಯಾ, 220 ಲುಫ್ತಾನ್ಸಾ, 016 ಯುನೈಟೆಡ್, ಹೀಗೆ. ಬದಲಾವಣೆ, ರದ್ದು, ರೀಫಂಡ್ ಎಲ್ಲಕ್ಕೂ ಅವರನ್ನೇ ಹಿಡಿಯಬೇಕು. ಪಾರ್ಟ್ನರ್‌ನವರ ಫೋನಿನಲ್ಲಿ 1 ಗಂಟೆ 10 ನಿಮಿಷ ಹಾಡು ಕೇಳುತ್ತಾ ಕಾದೆ. ಕೊನೆಗೆ ಸಿಕ್ಕಿದ ಹೆಣ್ಣುಮಗಳು ತುಂಬಾ ತಾಳ್ಮೆಯಿಂದ ಕೇಳಿಸಿಕೊಂಡು, ಮೂರು ಗಂಟೆ ಆಮೇಲಿನ ವಿಮಾನಕ್ಕೆ ಒಂದು ಪೈಸೆ ತಗೊಳ್ಳದೆ ಬದಲಿಸಿಕೊಟ್ಟಳು. ಎರಡನೇ ವಿಮಾನದ ಊಟ ತಪ್ಪಿದ್ದು ಬಹುಶಃ ಈ ಬದಲಾವಣೆಯಿಂದಲೇ ಇರಬೇಕು. ವಿಮಾನ ಬದಲಾದರೆ ಊಟ, ಸೀಟು ಮತ್ತೆ ಒಂದೊಂದೇ ವಿಮಾನಕ್ಕೆ ಸರಿಯಾಗಿ ಇದೆಯಾ ಅಂತ ನೋಡಬೇಕು, ನಾನು ಮೊದಲನೆಯದನ್ನು ಮಾತ್ರ ನೋಡಿದ್ದೆ.

ಹೊರಡುವ ದಿನ ಮಧ್ಯಾಹ್ನದ ಮೇಲೆ ಕಾರು ಮಾಡಿಕೊಂಡು ಹೊರಟೆವು. ಚಿತ್ರದುರ್ಗ, ಹಿರಿಯೂರು, ಸಿರಾ, ತುಮಕೂರು, ಆಮೇಲೆ ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ. ಬೆಂಗಳೂರಿನ ಟ್ರಾಫಿಕ್ ಮುಟ್ಟುವುದೇ ಬೇಡ. ಟರ್ಮಿನಲ್ 2ರಲ್ಲಿ ಅಪ್ಪ ಬೋರ್ಡು ನೋಡಿ ಗಾಬರಿಯಾದರು. ಟಿಕೆಟ್‌ನಲ್ಲಿ ಇರುವ ಏರ್‌ಲೈನಿನ ಕೌಂಟರೇ ಅಲ್ಲಿ ಇಲ್ಲ! ಪಾಪ, ಅವರಿಗೆ ನಾನು ಹೇಳೇ ಇರಲಿಲ್ಲ. ಹೋಗಬೇಕಾದದ್ದು ವಿಮಾನ ಹಾರಿಸುವವರ ಕೌಂಟರಿಗೆ. ನಿಮ್ಮವರು ಒಬ್ಬರೇ ಹೋಗುವುದಾದರೆ ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಡಿ: ಯಾವ ಕೌಂಟರ್, ಯಾವ ಪಿಎನ್‌ಆರ್. ಕೌಂಟರಿನಲ್ಲಿ ಪಾಸ್‌ಪೋರ್ಟ್ ಕೊಟ್ಟ ಮೇಲೆ ಎಲ್ಲ ಸಲೀಸಾಯಿತು. ಅಪ್ಪನ ಹೆಸರಿನ ಬಗ್ಗೆ ಯಾರೂ ಕೇಳಲಿಲ್ಲ. 22.8ರ ಬ್ಯಾಗು ಅಲ್ಲಿ 23.1 ತೋರಿಸಿತು, ಹುಡುಗಿ ನಕ್ಕು ಟ್ಯಾಗ್ ಹಾಕಿ ಕಳಿಸಿದಳು.

ಒಟ್ಟಿನಲ್ಲಿ ನಾನು ಇದಕ್ಕೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಕಟ್ ಆಗಿದ್ದು ಆ ಊಟಕ್ಕೆ. ಫೋನು, ಇಮೇಲ್, ಹಿಂಬಾಲಿಸುವ ತಾಳ್ಮೆ ಇರುವವರಿಗೆ ಇದು ಒಳ್ಳೆ ದಾರಿ. ವ್ಯತ್ಯಾಸ ತಲೆಗೆ ಐದಾರು ಸಾವಿರದೊಳಗೆ ಇದ್ದರೆ ನಾನಂತೂ ಹೋಗುವುದಿಲ್ಲ. ಮೊನ್ನೆ ಚಿತ್ರದುರ್ಗದ ನಮ್ಮ ಚಿಕ್ಕಪ್ಪನ ಮಗ ಲಂಡನ್‌ಗೆ ಓದಲು ಹೊರಟಾಗ ಇಬ್ಬರೂ ಕೂತು ಎರಡೂ ಕಡೆ ನೋಡಿದೆವು. ಪಾರ್ಟ್ನರ್ ಸೈಟಿನಲ್ಲಿ ದರ ಪೌಂಡಿನಲ್ಲಿತ್ತು, ಲೆಕ್ಕ ಹಾಕಿದರೆ 1,100 ರೂಪಾಯಿ ಕಡಿಮೆ. ಮಾರ್ಕಪ್ ಸೇರಿಸಿದರೆ ಅದೂ ಇಲ್ಲ. ವಿಮಾನ ಹಾರಿಸುವವರ ಸೈಟಿನಲ್ಲೇ ತಗೊಂಡೆವು. ಹತ್ತು ನಿಮಿಷದಲ್ಲಿ ಕಿಟಕಿ ಸೀಟು, ಎವಿಎಂಎಲ್ ಊಟ ಎಲ್ಲ ಆಯಿತು.