ಅಂಟುಬಲೆ ಒಳ್ಳೆಯದೇ, ಆದರೆ ಅದೊಂದೇ ಸಾಲದು

ಅಮ್ಮನ ಉಣ್ಣೆಯ ಶಾಲನ್ನು ಬೆಳಕಿಗೆ ಹಿಡಿದಾಗ ಸಾಸಿವೆ ಕಾಳಿನಷ್ಟು ಚಿಕ್ಕ 7 ತೂತುಗಳು ಕಂಡವು. ಹೊಟ್ಟೆ ಉರಿಯಿತು. ಅಂದೇ ಬಟ್ಟೆ ಪತಂಗದ ಅಂಟುಬಲೆಯನ್ನು ತರಿಸಿದೆ.

ರಟ್ಟಿನ ಪುಟ್ಟ ಗೂಡು, ಒಳಗೆ ಅಂಟು, ನಡುವೆ ಹೆಣ್ಣು ಪತಂಗದ ವಾಸನೆಯನ್ನು ಹೋಲುವ ಫೆರೊಮೋನ್ ಬಿಲ್ಲೆ. ನಮ್ಮ ಮೂಗಿಗೆ ಏನೂ ತಿಳಿಯುವುದಿಲ್ಲ; ನುಸಿಗುಳಿಗೆಯ ಘಾಟಿಗೆ ತಲೆನೋವು ಬರುವ ನನಗೆ ಅದೇ ದೊಡ್ಡ ಸಮಾಧಾನ. ಮೂರನೆಯ ಬೆಳಿಗ್ಗೆ ನೋಡಿದರೆ ಹೊಂಬಣ್ಣದ 11 ಪತಂಗಗಳು, ರೆಕ್ಕೆಯಂಚಿನ ನವಿರಾದ ಕೂದಲೂ ಕಾಣುವಂತೆ, ಅಂಟಿಕೊಂಡಿದ್ದವು.

ಆದರೆ ಬಲೆಗೆ ಬೀಳುವುದು ಗಂಡು ಮಾತ್ರ. ಬಟ್ಟೆ ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳು. ಈ ಮಾತನ್ನು ಪೊಟ್ಟಣದ ಮೇಲೆ ದೊಡ್ಡಕ್ಷರದಲ್ಲಿ ಅಚ್ಚು ಹಾಕಬೇಕಿತ್ತು. ನಾನು ಕಪಾಟು ಖಾಲಿ ಮಾಡಿ ಹಲಗೆಯ ಸಂದುಸಂದಿಗೂ ವ್ಯಾಕ್ಯೂಮ್ ಕ್ಲೀನರ್ ಹಿಡಿದೆ. ಶಾಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನ ಫ್ರೀಜರಿನಲ್ಲಿ 2 ವಾರ ಇಟ್ಟೆ. ಅಡುಗೆಮನೆಯ ಹಿಟ್ಟಿನ ಪತಂಗಕ್ಕೆ ಈ ಬಲೆ ನಡೆಯುವುದಿಲ್ಲ, ಅದರ ಫೆರೊಮೋನೇ ಬೇರೆ.

ಈ ವಾರ ಬಲೆಗೆ ಬಿದ್ದದ್ದು ಒಂದೇ ಪತಂಗ. ಇನ್ನೊಂದು ಬಲೆ ತರಿಸಿದ್ದೇನೆ.