ಎಲೆಕ್ಟ್ರಿಕ್ ಫೈರ್‌ಪ್ಲೇಸ್ ಕೊಳ್ಳುವ ಮುಂಚೆ ಅದರ ಸದ್ದು ಕೇಳಿ

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹಾಲ್‌ನಲ್ಲಿ ಎಲೆಕ್ಟ್ರಿಕ್ ಫೈರ್‌ಪ್ಲೇಸ್ ಇದೆ, ಅಂದರೆ ಬೆಂಕಿಯಿಲ್ಲದೆ ಬೆಳಕಿನಿಂದಲೇ ಉರಿ ತೋರಿಸಿ, ಬೇಕಾದಾಗ ಬಿಸಿಗಾಳಿಯನ್ನೂ ಊದುವ ಪೆಟ್ಟಿಗೆ. ಅದರ ಉರಿ ನನಗೆ ತುಂಬ ಇಷ್ಟ. ಆದರೆ ಅದರ ಹೀಟರ್ ಫ್ಯಾನ್ ಕಾಡಿದಷ್ಟು ಈ ಮನೆಯ ಬೇರೆ ಯಾವ ಯಂತ್ರವೂ ನನ್ನನ್ನು ಕಾಡಿಲ್ಲ. ಕೊಳ್ಳುವ ಮುಂಚೆ ಸಾಕಷ್ಟು ವಿಮರ್ಶೆ ಓದಿದ್ದೆ. ಉರಿಯ ಬಣ್ಣ, ರಿಮೋಟ್, ಗಾಜಿನ ಹೊಳಪು ಎಲ್ಲದರ ಬಗ್ಗೆಯೂ ಉದ್ದುದ್ದ ಬರೆದಿದ್ದರು. ಸದ್ದಿನ ವಿಷಯ ಬಂದಾಗ ಮಾತ್ರ ‘ಜಾಸ್ತಿ ಇಲ್ಲ’ ಎಂದು ಮುಗಿಸಿದ್ದರು. ಯಾವ ಸದ್ದು, ಯಾವಾಗ, ಎಷ್ಟು ಹೊತ್ತು ಅಂತ ಯಾರೂ ಹೇಳಿರಲಿಲ್ಲ. ಹಲವು ಚಳಿಗಾಲ ಇದರ ಮುಂದೆ ಕೂತು ಕಳೆದ ಮೇಲೆ ಅದನ್ನು ನಾನಾದರೂ ಬರೆಯಬೇಕು ಅನ್ನಿಸಿತು.

ಅಳತೆ, ತೂಕ, ಬಣ್ಣಗಳ ಪಟ್ಟಿ ನೀವು ನೋಡಿಯೇ ಇರುತ್ತೀರಿ. ಅದನ್ನು ಬಿಡುತ್ತೇನೆ. ನಮ್ಮದು ಗೋಡೆಗೆ ತೂಗುಹಾಕುವ ಸಾಮಾನ್ಯ ಮಾದರಿ. ಮುಂದೆ ಗಾಜು, ಒಳಗೆ ಕೊರಡಿನ ಆಕಾರ, ಕೆಳಗೆ ಕೆಂಡದ ಹಾಸು. ನಮ್ಮ ಬಜೆಟ್ ಮಧ್ಯಮದ್ದು. ಅದರೊಳಗೆ ಸಿಕ್ಕಿದ್ದರಲ್ಲಿ ಉರಿ ಚೆನ್ನಾಗಿ ಕಂಡದ್ದು ಇದೇ.

ಈ ಪೆಟ್ಟಿಗೆಯಲ್ಲಿ ಸದ್ದು ಮಾಡುವ ಭಾಗಗಳು ಬೇರೆ ಬೇರೆ. ಅದನ್ನು ತಿಳಿದುಕೊಂಡರೆ ಆಯ್ಕೆ ಅರ್ಧ ಮುಗಿದಂತೆ. ಉರಿ ತೋರಿಸುವುದೇ ಒಂದು ಕೆಲಸ, ಬಿಸಿಗಾಳಿ ಊದುವುದು ಇನ್ನೊಂದು. ಉರಿಗೆ ಒಳಗೊಂದು ಪುಟ್ಟ ಮೋಟರ್ ಇರುತ್ತದೆ. ಅದು ಒಂದು ಕಡ್ಡಿಯನ್ನು ನಿಧಾನವಾಗಿ ತಿರುಗಿಸುತ್ತದೆ. ಕಡ್ಡಿಯ ತುಂಬ ಹೊಳೆಯುವ ತಗಡಿನ ಚೂರುಗಳು. ಕೆಳಗಿನ ಎಲ್‌ಇಡಿ ಬೆಳಕು ಆ ಚೂರುಗಳಿಗೆ ಬಡಿದು ಹಿಂದಿನ ಪರದೆಯ ಮೇಲೆ ಕುಣಿಯುತ್ತದೆ. ನಮ್ಮ ಕಣ್ಣಿಗೆ ಅದೇ ನಾಲಗೆ ನಾಲಗೆಯಾಗಿ ಏಳುವ ಉರಿ. ಹೊಸದರಲ್ಲಿ ಈ ಮೋಟರಿನ ಸದ್ದು ಕೇಳಿಸುವುದೇ ಇಲ್ಲ.

ಹೀಟರ್ ಒತ್ತಿದಿರೋ, ಕಥೆಯೇ ಬೇರೆ. ಒಳಗೆ ಉದ್ದನೆಯ ಫ್ಯಾನ್ ತಿರುಗಲು ಶುರುಮಾಡುತ್ತದೆ. ಕಾದ ತಂತಿಯ ಮೇಲಿಂದ ಗಾಳಿಯನ್ನು ಹಾಲ್‌ಗೆ ತಳ್ಳುತ್ತದೆ. ನಮ್ಮದರಲ್ಲಿ 750 ವ್ಯಾಟ್ ಮತ್ತು 1500 ವ್ಯಾಟ್ ಎಂದು ಎರಡು ಹಂತ ಇವೆ. ಕಡಿಮೆ ಹಂತಕ್ಕೆ ಇಟ್ಟರೆ ಸದ್ದೂ ಕಡಿಮೆಯಾಗಬೇಕು ತಾನೇ? ಆಗುವುದಿಲ್ಲ. ಬಿಸಿ ಅರ್ಧವಾಗುತ್ತದೆ, ಫ್ಯಾನ್ ಮಾತ್ರ ಅದೇ ವೇಗದಲ್ಲಿ ತಿರುಗುತ್ತದೆ. ಹಂತಕ್ಕೆ ತಕ್ಕಂತೆ ಫ್ಯಾನಿನ ವೇಗವೂ ಬದಲಾಗುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿ. ಮಾರುವವರಿಗೆ ಗೊತ್ತಿಲ್ಲದಿದ್ದರೆ ಎರಡೂ ಹಂತ ಹಾಕಿಸಿ, ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಿ.

ನಾನು ಸಂಜೆ ಹೊತ್ತು ಓದುವವಳು. ಒಂದೇ ಸಮನೆ ಬರುವ ಸದ್ದಿಗೆ ಕಿವಿ ಒಗ್ಗುತ್ತದೆ. ಬಿಟ್ಟು ಬಿಟ್ಟು ಬರುವ ಸದ್ದಿಗೆ ಒಗ್ಗುವುದಿಲ್ಲ. ನಮ್ಮ ಫೈರ್‌ಪ್ಲೇಸ್‌ನ ಥರ್ಮೋಸ್ಟಾಟ್, ಅಂದರೆ ಬಿಸಿ ಅಳೆದು ಹೀಟರನ್ನು ತಾನೇ ಹಾಕಿ ಆರಿಸುವ ಭಾಗ, ಪೆಟ್ಟಿಗೆಯ ಒಳಗೇ ಇದೆ. ಪೆಟ್ಟಿಗೆಯ ಸುತ್ತ ಬೇಗ ಬೆಚ್ಚಗಾಗುತ್ತದೆ. ಹಾಲ್‌ನ ಆ ಮೂಲೆಯ ಕುರ್ಚಿ ಇನ್ನೂ ತಣ್ಣಗಿರುವಾಗಲೇ ಥರ್ಮೋಸ್ಟಾಟ್ ‘ಸಾಕು’ ಎಂದು ಹೀಟರ್ ಆರಿಸಿಬಿಡುತ್ತದೆ. ಟಕ್ ಎಂದು ಒಳಗಿನ ಸ್ವಿಚ್ಚಿನ (ರಿಲೇ) ಸದ್ದು. ತಂತಿ ತಣ್ಣಗಾಗಲಿ ಎಂದು ಫ್ಯಾನ್ ಇನ್ನೂ ಸ್ವಲ್ಪ ಹೊತ್ತು ಊದುತ್ತದೆ. ಅದು ನಿಂತ ಮೇಲೆ ಬಿಸಿಯಾಗಿದ್ದ ತಗಡು ತಣಿಯುತ್ತಾ ಟಿಕ್ ಟಿಕ್ ಅನ್ನುತ್ತದೆ. ಸದ್ದೆಲ್ಲ ಅಡಗಿ, ಪುಸ್ತಕದಲ್ಲಿ ಮನಸ್ಸು ನೆಟ್ಟಿತು ಅನ್ನುವಷ್ಟರಲ್ಲಿ ಮತ್ತೆ ಟಕ್! ಸಂಜೆಯಿಡೀ ಹೀಗೇ. ಈ ಕಾರಣಕ್ಕೇ ನಾನು ಥರ್ಮೋಸ್ಟಾಟನ್ನು ಕೊನೆಯವರೆಗೆ ಏರಿಸಿಡುತ್ತೇನೆ. ಸಾಕಷ್ಟು ಬೆಚ್ಚಗಾದಾಗ ಕೈಯಿಂದಲೇ ಆರಿಸುತ್ತೇನೆ. ರಿಮೋಟ್‌ನಲ್ಲೇ ಥರ್ಮೋಸ್ಟಾಟ್ ಇರುವ ಮಾದರಿಗಳೂ ಇವೆ. ಅವು ನೀವು ಕೂತ ಜಾಗದ ಬಿಸಿಯನ್ನು ಅಳೆಯುತ್ತವೆ. ನನ್ನ ಹಾಗೆ ಓದುವ ಅಭ್ಯಾಸ ಇದ್ದವರಿಗೆ ಅದು ಹೆಚ್ಚು ಹೊಂದುತ್ತದೆ.

ಎರಡನೇ ಚಳಿಗಾಲದ ಹೊತ್ತಿಗೆ ಫ್ಯಾನಿನ ಸದ್ದಿಗೆ ಒಂದು ಗಡಗಡ ಬೇರೆ ಸೇರಿಕೊಂಡಿತು. ಸೇವಾ ಕೇಂದ್ರಕ್ಕೆ ಫೋನ್ ಮಾಡಿದೆ. ‘ಅದು ಸಹಜ ಸದ್ದು’ ಅಂದರು. ಮನೆಗೆ ಬಂದು ಕೇಳಿಸಿಕೊಳ್ಳದೆ ಸಹಜ ಎಂದು ಹೇಗೆ ಹೇಳುತ್ತಾರೆ? ಆ ಸಿಟ್ಟು ನನಗೆ ಇನ್ನೂ ಇದೆ. ಹೊಸದರಲ್ಲಿ ಇಲ್ಲದ ಸದ್ದು ಆಮೇಲೆ ಬಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ.

ಕಾರಣ ಎರಡಿದ್ದವು. ಒಂದು, ದೂಳು. ಫ್ಯಾನ್ ಗಾಳಿ ಎಳೆದುಕೊಳ್ಳುವ ಜಾಲರಿಗೆ ದೂಳು, ಕೂದಲು, ಬಟ್ಟೆಯ ನಾರು ಎಲ್ಲ ಅಂಟಿ ಕೂತಿತ್ತು. ಫ್ಯಾನಿನ ರೆಕ್ಕೆಗಳ ಮೇಲೂ ಅದೇ. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಕೂತರೆ ತಿರುಗುವಾಗ ತೂಕ ಏರುಪೇರಾಗಿ ಫ್ಯಾನ್ ನಡುಗುತ್ತದೆ. ಇನ್ನೊಂದು, ಗೋಡೆ. ನಮ್ಮ ಹಾಲ್‌ನ ಆ ಗೋಡೆ ಒಳಗೆ ಟೊಳ್ಳಿರುವ ಹಗುರ ಗೋಡೆ. ಬ್ರಾಕೆಟ್ ಮೂಲಕ ನಡುಕ ದಾಟಿ ಗೋಡೆಯೇ ತಮಟೆಯ ಹಾಗೆ ಅದನ್ನು ದೊಡ್ಡದು ಮಾಡುತ್ತಿತ್ತು.

ಪ್ಲಗ್ ತೆಗೆದು, ಪೂರ್ತಿ ತಣ್ಣಗಾದ ಮೇಲೆ ಮೆತ್ತನೆಯ ಬ್ರಷ್ ಹಾಕಿದ ವ್ಯಾಕ್ಯೂಮ್‌ನಿಂದ ಜಾಲರಿಯ ದೂಳು ಎಳೆದೆ. ಬ್ರಾಕೆಟ್ ಮತ್ತು ಗೋಡೆಯ ನಡುವೆ ತೆಳು ರಬ್ಬರ್ ಪಟ್ಟಿ ಇಡಿಸಿ, ಸ್ಕ್ರೂ ಬಿಗಿ ಮಾಡಿಸಿದೆವು. ಗಡಗಡ ನಿಂತೇ ಹೋಯಿತು. ಊದುವ ಸದ್ದು ಉಳಿಯಿತು, ಆದರೆ ಅದರ ಒರಟುತನ ಹೋಯಿತು. ಅವತ್ತು ಸಂಜೆ ನನಗಾದ ಖುಷಿ ದೊಡ್ಡದು. ಅಲ್ಲಿಂದ ಈಚೆಗೆ ಚಳಿ ಶುರುವಾಗುವ ಮುಂಚೆ ಒಮ್ಮೆ, ನಡುವೆ ಒಮ್ಮೆ ಜಾಲರಿ ಸ್ವಚ್ಛ ಮಾಡುವುದು ನನ್ನ ಖಾಯಂ ಕೆಲಸ. ಬಹಳ ದಿನ ಬಿಟ್ಟು ಹೀಟರ್ ಹಾಕಿದಾಗ ಬರುವ ಸುಟ್ಟ ವಾಸನೆಯೂ ಇದರಿಂದ ಕಡಿಮೆಯಾಯಿತು. ತಂತಿಯ ಮೇಲೆ ಕೂತ ದೂಳು ಸುಡುವ ವಾಸನೆ ಅದು. ಸ್ವಲ್ಪ ಹೊತ್ತಿನಲ್ಲಿ ಹೋದರೆ ಚಿಂತೆ ಬೇಡ. ಹೋಗದಿದ್ದರೆ ಆರಿಸಿ, ಮೆಕ್ಯಾನಿಕ್‌ಗೆ ತೋರಿಸಿ.

ಇನ್ನು ಉರಿಯ ಮಾತು. ಇದನ್ನು ಬರೆಯುವಾಗ ನನ್ನ ಮನಸ್ಸು ಮೆತ್ತಗಾಗುತ್ತದೆ. ಹೀಟರ್ ಆರಿಸಿ ಬರೀ ಉರಿ ಹಾಕಬಹುದು ಎಂದು ಗೊತ್ತಿತ್ತು. ಅದೇ ಇಷ್ಟು ಹತ್ತಿರವಾಗುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ. ಎಲ್‌ಇಡಿ ಮತ್ತು ಪುಟ್ಟ ಮೋಟರ್ ಎರಡೂ ಸೇರಿ ಎಳೆಯುವ ಕರೆಂಟ್ ತೀರಾ ಕಡಿಮೆ, ಒಂದು ಎಲ್‌ಇಡಿ ಬಲ್ಬಿನ ಆಸುಪಾಸು. ಬೇಸಿಗೆಯಲ್ಲೂ ಹಾಕಬಹುದು, ಮಳೆಯ ಸಂಜೆಗೂ ಹಾಕಬಹುದು. ಲೆಕ್ಕ ಹಾಕಿದರೆ ಈ ಪೆಟ್ಟಿಗೆ ನಮ್ಮ ಮನೆಯಲ್ಲಿ ಬಿಸಿ ಕೊಟ್ಟ ಹೊತ್ತಿಗಿಂತ ಬರೀ ಬೆಳಕು ಕೊಟ್ಟ ಹೊತ್ತೇ ಜಾಸ್ತಿ.

ಕತ್ತಲಾಗುತ್ತಿದ್ದ ಹಾಗೆ ಚಾವಣಿಯ ಲೈಟ್ ಆರಿಸುತ್ತೇನೆ. ಓದುವ ದೀಪ ಮಾತ್ರ ನನ್ನ ಹೆಗಲ ಹಿಂದೆ. ಅದರ ಪ್ರತಿಬಿಂಬ ಗಾಜಿನಲ್ಲಿ ಕಾಣದ ಹಾಗೆ ಒಂಚೂರು ಪಕ್ಕಕ್ಕೆ ತಿರುಗಿಸುತ್ತೇನೆ. ಮೊದಲು ಕೆಂಡದ ಹಾಸು. ಅದು ಒಂದೇ ಸಲ ಬೆಳಗುವುದಿಲ್ಲ, ಮೆಲ್ಲಗೆ ಕೆಂಪೇರುತ್ತದೆ. ಆಮೇಲೆ ಉರಿ, ಅದೂ ಕೆಳಗಿನಿಂದ ಎರಡನೇ ಹಂತದ ಹೊಳಪಿಗೆ. ಪೂರ್ತಿ ಹೊಳಪಿಗಿಟ್ಟರೆ ಹಿಂದಿನ ಪರದೆ ಎದ್ದು ಕಾಣುತ್ತದೆ, ಉರಿಯ ಆಳ ಹೋಗುತ್ತದೆ. ಬಣ್ಣ ಯಾವಾಗಲೂ ಕಿತ್ತಳೆ. ನೀಲಿ, ನೇರಳೆ, ಹಸಿರು ಎಲ್ಲ ಇವೆ, ಮುಟ್ಟುವುದಿಲ್ಲ. ಸೌದೆ ಚಟಪಟ ಅನ್ನುವ ಸದ್ದಿನ ಬಟನ್ ಕೂಡ ಇದೆ. ಅದೇ ತುಣುಕು ಸುತ್ತಿ ಸುತ್ತಿ ಬರುತ್ತದೆ, ಹಾಕಿದ ಕೂಡಲೇ ಆರಿಸಿದೆ. ಸುಮ್ನೆ ಇರುವ ಉರಿಯೇ ಚೆಂದ. ಗೋಡೆಯ ಮೇಲೆ, ನೆಲದ ಮೇಲೆ ಆ ಬೆಳಕು ಅಲುಗಾಡುತ್ತಾ ಇರುತ್ತದೆ. ಮನೆಯವರೆಲ್ಲ ಬೇರೆ ಬೇರೆ ಕೆಲಸದಲ್ಲಿದ್ದರೂ ಬಂದು ಅದರ ಸುತ್ತ ಕೂರುತ್ತಾರೆ. ಯಾರೂ ಕರೆಯಬೇಕಾಗಿಲ್ಲ.

ಉರಿಯನ್ನು ಪರೀಕ್ಷಿಸುವುದಕ್ಕೂ ಒಂದು ದಾರಿ ಇದೆ. ಅಂಗಡಿಯ ಝಗಮಗ ಬೆಳಕಿನಲ್ಲಿ ಏನೂ ತಿಳಿಯುವುದಿಲ್ಲ. ಆದಷ್ಟು ಮಬ್ಬು ಬೆಳಕಿನಲ್ಲಿ ನೋಡಿ. ಉರಿಯ ಒಂದೇ ನಾಲಗೆಯ ಮೇಲೆ ಕಣ್ಣಿಟ್ಟು ಸ್ವಲ್ಪ ಹೊತ್ತು ನೋಡುತ್ತಿರಿ. ಕಡ್ಡಿ ಸುತ್ತುವುದರಿಂದ ಅದೇ ಆಕಾರ ಮತ್ತೆ ಬರಲೇಬೇಕು. ಎಷ್ಟು ಬೇಗ ಬರುತ್ತದೆ, ಎಷ್ಟು ಸ್ಪಷ್ಟವಾಗಿ ಬರುತ್ತದೆ ಅನ್ನುವುದೇ ಮುಖ್ಯ. ಬೇಗ ಗುರುತು ಸಿಕ್ಕರೆ ಮನೆಗೆ ಬಂದ ಮೇಲೆ ಕಣ್ಣು ಅದನ್ನೇ ಹುಡುಕುತ್ತದೆ. ಪಕ್ಕಕ್ಕೆ ಸರಿದೂ ನೋಡಿ. ಹಾಲ್‌ನಲ್ಲಿ ಎಲ್ಲರೂ ಎದುರಿಗೇ ಕೂರುವುದಿಲ್ಲ, ಅಲ್ವಾ? ಬದಿಯಿಂದ ನೋಡಿದಾಗ ಅಗ್ಗದ ಮಾದರಿಗಳಲ್ಲಿ ಉರಿ ಕೊರಡಿನಿಂದ ಬೇರೆಯಾಗಿ ಹಿಂದೆಲ್ಲೋ ತೇಲುತ್ತದೆ.

ನೀರಿನ ಮಂಜಿನ ಮಾದರಿಗೆ ಈ ತೊಂದರೆ ಇಲ್ಲ. ಅದರಲ್ಲಿ ಕಿವಿಗೆ ಕೇಳದಷ್ಟು ವೇಗದ (ಅಲ್ಟ್ರಾಸಾನಿಕ್) ಕಂಪನದಿಂದ ನೀರು ತೆಳು ಮಂಜಾಗಿ ಏಳುತ್ತದೆ, ಕೆಳಗಿನಿಂದ ಬೆಳಕು ಬೀಳುತ್ತದೆ. ಪರಿಚಯದವರ ಮನೆಯಲ್ಲಿ ನೋಡಿದ್ದೇನೆ. ಕೊರಡುಗಳ ನಡುವಿನಿಂದಲೇ ಹೊಗೆಯಾಡುವ ಉರಿ, ಒಂದು ಕ್ಷಣ ಕೈ ಹಿಂದಕ್ಕೆ ಎಳೆದುಕೊಂಡೆ. ನಮ್ಮ ಬಜೆಟ್‌ಗೆ ಅದು ಎಟುಕಲಿಲ್ಲ. ಮತ್ತೆ ಮತ್ತೆ ನೀರು ತುಂಬಬೇಕು, ಗಡಸು ನೀರು ಹಾಕಿದರೆ ಬಿಳಿ ಪದರ ಕಟ್ಟುತ್ತದೆ, ಟ್ಯಾಂಕ್ ತೊಳೆಯುತ್ತಿರಬೇಕು. ಅಷ್ಟು ಆರೈಕೆ ಮಾಡುವ ಮನಸ್ಸಿದ್ದರೆ ನೋಟದಲ್ಲಿ ಅದನ್ನು ಮೀರಿಸುವ ಎಲೆಕ್ಟ್ರಿಕ್ ಉರಿ ನಾನು ನೋಡಿಲ್ಲ.

ಬಿಸಿಯ ಲೆಕ್ಕ ಬೇಗ ಹೇಳುತ್ತೇನೆ. 1500 ವ್ಯಾಟ್ ಹೀಟರ್ ನಿಲ್ಲದೆ ಒಂದು ಗಂಟೆ ಓಡಿದರೆ ಒಂದೂವರೆ ಯೂನಿಟ್. ‘ನೂರಕ್ಕೆ ನೂರು ದಕ್ಷತೆ’ ಎಂದು ಜಾಹೀರಾತಿನಲ್ಲಿ ಬರೆಯುತ್ತಾರೆ. ಸುಳ್ಳಲ್ಲ. ಆದರೆ ತಂತಿ ಕಾಯಿಸುವ ಎಲ್ಲ ಹೀಟರ್‌ಗಳೂ ಹಾಗೇ, ಅತಿ ಅಗ್ಗದ್ದೂ ಸೇರಿ. ಅಷ್ಟೇ ಕರೆಂಟ್‌ನಲ್ಲಿ ಹೀಟ್ ಪಂಪ್ (ಹೊರಗಿನ ಬಿಸಿಯನ್ನು ಒಳಗೆ ಎಳೆದು ತರುವ ಯಂತ್ರ) ಎರಡು ಮೂರು ಪಟ್ಟು ಬಿಸಿ ತಂದುಕೊಡುತ್ತದೆ. ಹಾಗಾಗಿ ಬಿಲ್ ಉಳಿಸಲು ಇದನ್ನು ಕೊಳ್ಳುವುದಾದರೆ ಬೇಡ. ಬೇರೆ ಕೋಣೆಗಳ ಬಿಸಿ ಕಡಿಮೆ ಮಾಡಿ ಎಲ್ಲರೂ ಹಾಲ್‌ನಲ್ಲೇ ಕೂರುವವರಿಗೆ ಸ್ವಲ್ಪ ಉಳಿಯಬಹುದು. ಇದರಲ್ಲಿ ಹೊಗೆ ಇಲ್ಲ, ಬೂದಿ ಇಲ್ಲ, ಚಿಮಣಿ ಬೇಡ, ಕಾರ್ಬನ್ ಮಾನಾಕ್ಸೈಡ್ ವಿಷಗಾಳಿಯ ಭಯ ಇಲ್ಲ. ಸೌದೆಯ ಒಲೆಗೆ ಹೋಲಿಸಿದರೆ ಈ ನೆಮ್ಮದಿ ದೊಡ್ಡದು.

ಪ್ಲಗ್ ವಿಷಯದಲ್ಲಿ ಮಾತ್ರ ಉದಾಸೀನ ಬೇಡವೇ ಬೇಡ. 1500 ವ್ಯಾಟ್ ಅಂದರೆ 230 ವೋಲ್ಟ್‌ನಲ್ಲಿ ಸುಮಾರು 6.5 ಆಂಪಿಯರ್, 120 ವೋಲ್ಟ್‌ನಲ್ಲಿ 12.5 ಆಂಪಿಯರ್. ಅದೂ ಗಂಟೆಗಟ್ಟಲೆ. ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಬೇಡಿ, ಅಷ್ಟು ಕರೆಂಟ್ ತಾಳುವ ಗೋಡೆಯ ಸಾಕೆಟ್‌ಗೇ ನೇರ ಹಾಕಿ. ಓಡುವಾಗ ಪ್ಲಗ್ ಬಿಸಿಯಾದರೆ ಆರಿಸಿ, ಎಲೆಕ್ಟ್ರಿಷಿಯನ್ ಕರೆಸಿ. ಮುಂದಿನ ಗಾಜು ಮುಟ್ಟಬಹುದು, ಬಿಸಿಗಾಳಿ ಬರುವ ಜಾಲರಿ ಮುಟ್ಟಲಾಗದು. ಅದರ ಮುಂದೆ ಸುಮಾರು ಒಂದು ಮೀಟರ್ ಜಾಗ ಖಾಲಿ ಇರಲಿ. ಮೇಲೆ ಟಿವಿ ಹಾಕುವ ಯೋಚನೆ ಇದ್ದರೆ ಬಿಸಿಗಾಳಿ ಎಲ್ಲಿಂದ ಬರುತ್ತದೆ ನೋಡಿ. ಮೇಲಂಚಿನಿಂದ ಬಂದರೆ ಟಿವಿಗೇ ತಗಲುತ್ತದೆ.

ಈಚೆಗೆ ಉರಿಯ ಕಡ್ಡಿಯೂ ಒಂದೊಂದು ಸುತ್ತಿಗೆ ಕೀಚ್ ಅನ್ನಲು ಶುರುಮಾಡಿತ್ತು. ಇದು ನನಗೆ ಫ್ಯಾನಿಗಿಂತ ಹೆಚ್ಚು ನೋವು ಕೊಟ್ಟಿತು, ಮೌನವಾಗಿದ್ದದ್ದು ಅದೊಂದೇ ಆಗಿತ್ತು. ಒಬ್ಬ ಮೆಕ್ಯಾನಿಕ್ ಬಂದು ಬಿಚ್ಚಿ ನೋಡಿದರು. ಕಡ್ಡಿಯ ತುದಿ ಕೂರುವ ರಬ್ಬರ್ ತುಂಡು ಒಣಗಿ ಗಟ್ಟಿಯಾಗಿತ್ತು. ಅದನ್ನು ಬದಲಿಸಿದ ಮೇಲೆ ಸದ್ದಿಲ್ಲ. ಬಿಡಿಭಾಗ ಸಿಗುತ್ತದೆಯೇ ಎಂದು ಕೊಳ್ಳುವಾಗಲೇ ವಿಚಾರಿಸಿ. ಎಷ್ಟೋ ಮಾದರಿಗಳಲ್ಲಿ ಎಲ್‌ಇಡಿ ಪಟ್ಟಿ ಹಾಳಾದರೆ ಬಲ್ಬ್ ಬದಲಿಸಿದ ಹಾಗೆ ಮನೆಯಲ್ಲಿ ಬದಲಿಸಲು ಬರುವುದಿಲ್ಲ.

ಐದಕ್ಕೆ ಎಷ್ಟು ಎಂದರೆ ಉರಿಗೆ ಐದು, ಹೀಟರ್‌ಗೆ ಎರಡು. ಇದು ಕೆಟ್ಟು ಇನ್ನೊಂದು ಕೊಳ್ಳುವ ದಿನ ಬಂದರೆ ಹೀಟರ್‌ಗಾಗಿ ದುಡ್ಡು ಹಾಕುವುದಿಲ್ಲ. ಉರಿ ಚೆನ್ನಾಗಿರುವ, ಹೀಟರೇ ಇಲ್ಲದ ಮಾದರಿ ಹುಡುಕುತ್ತೇನೆ. ಬಿಸಿಗೆ ಎಣ್ಣೆ ತುಂಬಿದ ರೇಡಿಯೇಟರ್ ಬೇರೆಯಾಗಿ ತಂದು ಮೂಲೆಯ ಕುರ್ಚಿಯ ಹತ್ತಿರ ಇಡುತ್ತೇನೆ. ಅದು ನಿಧಾನಕ್ಕೆ ಕಾಯುತ್ತದೆ, ಆದರೆ ಅದರಲ್ಲಿ ಫ್ಯಾನ್ ಇಲ್ಲ. ಎರಡೂ ಒಂದರಲ್ಲೇ ಬೇಕು ಅನ್ನುವವರು ಗೋಡೆಗೆ ತೂತು ಕೊರೆಯುವ ಮುಂಚೆ, ಹಿಂತಿರುಗಿಸುವ ಅವಧಿ ಇರುವಾಗಲೇ, ಜೊತೆಗೆ ಬಂದ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಟಿವಿ ಆರಿಸಿ, ರಾತ್ರಿ ಹೊತ್ತು ಹೀಟರ್ ಹಾಕಿ ಒಂದು ಗಂಟೆ ಅದರ ಮುಂದೆ ಕೂತು ನೋಡಿ.